ಕೂಗಳತೆಯ ಬೀದಿ: ಸಾಂಕ್ರಾಮಿಕ ಬಂದಾಗ ಊರು ತನ್ನ ಮನಸ್ಸು ಕಾಪಾಡಿಕೊಳ್ಳುವುದು ಹೇಗೆ?

2021ರ ಮೇ ತಿಂಗಳು. ಕರ್ನಾಟಕದಲ್ಲಿ ಒಂದೇ ದಿನ 50,000ಕ್ಕಿಂತ ಜಾಸ್ತಿ ಜನರಿಗೆ ಕೊರೊನಾ ಪಾಸಿಟಿವ್ ಬಂದ ವಾರ ಅದು. ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ, ನಮ್ಮದೇ ಬೀದಿಯಲ್ಲಿ, ಒಂದು ಮನೆ ಮುಂದೆ ಬೆಳಿಗ್ಗೆ ಎಂಟಾದರೂ ರಂಗೋಲಿ ಬಿದ್ದಿರಲಿಲ್ಲ. ಎದುರು ಮನೆಯ ಅಕ್ಕ ಅದನ್ನು ನೋಡಿದರು. ಗೇಟಿನಾಚೆ ನಿಂತು ಹೆಸರು ಹಿಡಿದು ಕೂಗಿದರು. ಸದ್ದಿಲ್ಲ. ಮೂರನೇ ಸಲ ಕೂಗಿದಾಗ ಕಿಟಕಿ ಅರ್ಧ ತೆರೆಯಿತು. ಆ ಮನೆಯ ಯಜಮಾನರು ಮಂಡ್ಯದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. ಮನೆಯಲ್ಲಿ ಹೆಂಡತಿ ಒಬ್ಬರೇ. ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದರು. ಬಾಗಿಲಿಗೆ ಹಾಕಲು ತುಂಬಿಟ್ಟ ನೀರಿನ ಬಕೆಟ್ಟು ಹೊಸಿಲ ಹತ್ತಿರವೇ ಇತ್ತು. ಅದನ್ನು ಎತ್ತೋಕೆ ಕೈ ಬಂದಿರಲಿಲ್ಲ.

"ಬಾಗ್ಲು ತೆಗೀಬೇಡ ಕಣವ್ವ, ಕಿಟಕಿ ಹತ್ರನೇ ಕೂತ್ಕೊ, ಮಾತಾಡನ" ಅಂದರು ಅಕ್ಕ. ಮುಕ್ಕಾಲು ಗಂಟೆ ಒಬ್ಬರು ಆಚೆ, ಒಬ್ಬರು ಈಚೆ ಕೂತು ಮಾತಾಡಿದರು. ಆಮೇಲೆ ಅಕ್ಕನೇ ಆ ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟು ಬಂದರು.

ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮನೋವಿಜ್ಞಾನದ ಪುಸ್ತಕ ಮುಟ್ಟಿದವರಲ್ಲ. ಆದರೆ ಆ ಎರಡು ವರ್ಷ ನಮ್ಮ ಬೀದಿಯ 34 ಮನೆಗಳನ್ನು ಹಿಡಿದಿಟ್ಟಿದ್ದು ಇಂಥ ಗಮನವೇ. ಯಾವ ಮನೆಯೂ ಒಂದು ದಿನ ಪೂರ್ತಿ ಯಾರೂ ಕೂಗದೆ ಉಳಿಯಬಾರದು. ಇದೊಂದೇ ನಮ್ಮ ನಿಯಮವಾಗಿತ್ತು. ನಾನು ಸರ್ಕಾರಿ ಶಾಲೆಯ ಟೀಚರ್, ಡಾಕ್ಟರ್ ಅಲ್ಲ. ಬೀದಿಯ ಪುಸ್ತಕ ಬರೆಯುವ ಕೆಲಸ ನನಗೆ ಬಂದಿತ್ತು. ಮುಂದೆ ಇಂಥದ್ದು ಬಂದರೆ ಇನ್ನೊಂದು ಬೀದಿ ಎಲ್ಲವನ್ನೂ ಮೊದಲಿಂದ ಕಲಿಯುವ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹಿರಿಯರು ಪ್ಲೇಗ್ ಕಂಡವರು. 1898ರ ಆಗಸ್ಟ್‌ನಲ್ಲಿ ಅದು ಬೆಂಗಳೂರಿಗೆ ಬಂತು. ಆಮೇಲೆ ಹಳೇ ಮೈಸೂರಿನ ಹಳ್ಳಿಗಳಿಗೂ ಮತ್ತೆ ಮತ್ತೆ ಬಂದು ಹೋಯಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು. ಅಲ್ಲೂ ಕಷ್ಟ ಇತ್ತು, ಸಾವೂ ಇತ್ತು. ಆದರೆ ಊರು ಬಿಟ್ಟವರು ಒಟ್ಟಿಗೆ ಬಿಟ್ಟಿದ್ದರು. ಗುಡಿಸಲ ಪಕ್ಕ ಗುಡಿಸಲು, ರಾತ್ರಿ ಕೂಗಿದರೆ ಕೇಳುವಷ್ಟು ಹತ್ತಿರ. ಪ್ಲೇಗಮ್ಮ ಅಂತ ಗುಡಿ ಕಟ್ಟಿ ಪೂಜೆ ಮಾಡಿದರು. ಕಣ್ಣಿಗೆ ಕಾಣದ ಭಯಕ್ಕೆ ಒಂದು ಮುಖ ಸಿಕ್ಕಿತು, ಕೈಮುಗಿಯೋಕೆ ಒಂದು ಜಾಗ ಸಿಕ್ಕಿತು. ಕೊರೊನಾದಲ್ಲಿ ಎಲ್ಲ ಉಲ್ಟಾ ಆಯಿತು. 2020ರ ಮಾರ್ಚ್ 25ರಿಂದ ಪ್ರತಿ ಮನೆಯೂ ತನ್ನ ಪಾಡಿಗೆ ಬಾಗಿಲು ಹಾಕಿಕೊಂಡಿತು. ರೋಗ ತಡೆಯೋಕೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಕಷ್ಟ ಬಂದರೆ ಒಂದು ಕಡೆ ಸೇರಿ ಅಭ್ಯಾಸ ಇದ್ದ ಜನ ನಾವು. ಒಬ್ಬೊಬ್ಬರೇ ಕೂತು ಹೆದರಿ ಗೊತ್ತಿರಲಿಲ್ಲ.

ಕೂಗಳತೆ ಅಂತ ನಮ್ಮಲ್ಲಿ ಒಂದು ಮಾತಿದೆ. ಕೂಗಿದರೆ ಕೇಳುವಷ್ಟು ದೂರ. ಕೆಳಗೆ ಹೇಳಿರೋದೆಲ್ಲ, ಬಾಗಿಲು ಹಾಕಿಕೊಂಡೇ ಆ ದೂರ ದಾಟದಂತೆ ನೋಡಿಕೊಳ್ಳುವ ದಾರಿಗಳು.

ಹೆಜ್ಜೆ 1: ಒಂದು ಪುಸ್ತಕ ತನ್ನಿ, ಬೀದಿ ಹಂಚಿಕೊಳ್ಳಿ

ನೂರು ಪುಟದ ರೂಲ್ಡ್ ನೋಟ್‌ಬುಕ್ ಸಾಕು. ಮೊದಲ ಕೇಸ್ ಬರೋದಕ್ಕೆ ಕಾಯಬೇಡಿ. ಒಂದು ಮನೆಗೆ ಒಂದು ಪುಟ. ಮನೆಯಲ್ಲಿ ಯಾರು ಯಾರಿದ್ದಾರೆ, ಎರಡು ಫೋನ್ ನಂಬರ್, ಬೇರೆ ಊರಿನಲ್ಲಿರುವ ಮಗನದೋ ಮಗಳದೋ ಒಂದು ನಂಬರ್. ಆಮೇಲೆ ಇಷ್ಟನ್ನು ಗುರುತು ಹಾಕಿಕೊಳ್ಳಿ: ಒಬ್ಬರೇ ಇರುವವರು, ವಯಸ್ಸಾದವರು, ಗರ್ಭಿಣಿ ಬಾಣಂತಿಯರು, ದಿನಾ ಮಾತ್ರೆ ತೆಗೆದುಕೊಳ್ಳುವವರು, ದಿನಾ ಕುಡಿಯುವವರು, ಕೂಲಿ ನಿಂತರೆ ಮಾರನೇ ದಿನಕ್ಕೆ ಅಕ್ಕಿ ಇಲ್ಲದವರು. ಕೊನೆಯದನ್ನು ಮರೆಯಲೇಬೇಡಿ. ಹೊಟ್ಟೆ ಖಾಲಿ ಇರುವವರಿಗೆ ಧೈರ್ಯ ಹೇಳಿದರೆ ಅದು ಕಿವಿಗೇ ಹೋಗೋದಿಲ್ಲ. ಮೊದಲು ರೇಷನ್, ಆಮೇಲೆ ಮಾತು.

ಇಪ್ಪತ್ತು ಮೂವತ್ತು ಮನೆಗಿಂತ ದೊಡ್ಡ ಗುಂಪು ಬೇಡ. ಪಂಚಾಯಿತಿ ಮಟ್ಟದಲ್ಲಿ ಟಾಸ್ಕ್ ಫೋರ್ಸ್ ಇರುತ್ತದೆ, ಇರಲಿ. ಅದಕ್ಕೆ ಎಷ್ಟು ಜನ ಪಾಸಿಟಿವ್ ಅನ್ನೋದು ಗೊತ್ತಾಗುತ್ತದೆ. ಯಾರು ಮೂರು ದಿನದಿಂದ ನಿದ್ದೆ ಮಾಡಿಲ್ಲ ಅನ್ನೋದು ಪಕ್ಕದ ಮನೆಗೇ ಗೊತ್ತಾಗಬೇಕು. ಒಬ್ಬೊಬ್ಬರಿಗೆ ಐದಾರು ಮನೆ ಹಂಚಿ. ಕೂಗುವವರು ಆ ಮನೆಯವರಿಗೆ ಸಲುಗೆ ಇರುವವರಾಗಿರಲಿ. ಸೊಸೆಯಂದಿರು ಅತ್ತೆ ಮುಂದೆ ಹೇಳದ್ದನ್ನು ಎದುರು ಮನೆ ಅಕ್ಕನ ಹತ್ತಿರ ಹೇಳುತ್ತಾರೆ.

ಈ ಪುಸ್ತಕದ ಫೋಟೊ ವಾಟ್ಸ್‌ಆ್ಯಪ್‌ಗೆ ಹೋಗಬಾರದು. ಅದೊಂದು ವಿಷಯದಲ್ಲಿ ಗಟ್ಟಿಯಾಗಿರಿ. ಒಬ್ಬರ ಮನೆಯ ಗುಟ್ಟು ಹೊರಗೆ ಹೋದರೆ ಮಾರನೇ ದಿನದಿಂದ ಯಾರೂ ಬಾಯಿ ಬಿಡೋದಿಲ್ಲ.

ಹೆಜ್ಜೆ 2: ದಿನಕ್ಕೊಂದು ಗುರುತು ಇಟ್ಟುಕೊಳ್ಳಿ

ನಾವು ರಂಗೋಲಿಯನ್ನು ಇಟ್ಟುಕೊಂಡೆವು. ಯಾಕೆಂದರೆ ಅದಕ್ಕೆ ಹೊಸದಾಗಿ ಏನೂ ಮಾಡಬೇಕಿರಲಿಲ್ಲ. ಹೆಂಗಸರು ಹೇಗೂ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುತ್ತಾರೆ. ಎಂಟು ಗಂಟೆಯೊಳಗೆ ರಂಗೋಲಿ ಬಿದ್ದಿದ್ದರೆ ಆ ಮನೆ ಎದ್ದಿದೆ ಅಂತ ಅರ್ಥ. ಇಲ್ಲದಿದ್ದರೆ ಫೋನ್ ಮಾಡಬೇಕು, ಎತ್ತದಿದ್ದರೆ ಹೋಗಿ ಕೂಗಬೇಕು. ರಂಗೋಲಿ ಹಾಕದ ಮನೆಗಳು ನಮ್ಮಲ್ಲಿ ಐದು ಇದ್ದವು. ಅವರದು ಸಂಜೆ ಏಳಕ್ಕೆ ಹೊರಗಿನ ಲೈಟು. ಅಪಾರ್ಟ್‌ಮೆಂಟಿನವರು ಬಾಗಿಲ ಹಿಡಿಗೆ ಹಾಲಿನ ಚೀಲ ನೇತು ಹಾಕುವುದನ್ನೇ ಗುರುತು ಮಾಡಿಕೊಳ್ಳಬಹುದು. ಒಂಬತ್ತಾದರೂ ಪ್ಯಾಕೆಟ್ ಅಲ್ಲೇ ಇದ್ದರೆ ಬೆಲ್ ಮಾಡಿ ಹಿಂದೆ ಸರಿದು ನಿಂತು ವಿಚಾರಿಸಿ.

ಇದರಿಂದ ಇನ್ನೊಂದು ಉಪಕಾರ ಆಯಿತು. ಲಾಕ್‌ಡೌನ್‌ನಲ್ಲಿ ವಾರ, ತಾರೀಕು ಎಲ್ಲ ಕಲಸಿ ಹೋಗುತ್ತದೆ. ಎದ್ದು ಮಾಡಲೇಬೇಕಾದ ಒಂದು ಕೆಲಸ, ಅದನ್ನು ಯಾರೋ ನೋಡುತ್ತಾರೆ ಅನ್ನುವ ತಿಳಿವಳಿಕೆ, ಇವೆರಡೂ ಇದ್ದರೆ ದಿನಕ್ಕೆ ಒಂದು ಆಕಾರ ಬರುತ್ತದೆ. ಬೇಜಾರಿಗೆ ಬಿದ್ದ ಮನಸ್ಸಿಗೆ ಅದು ತುಂಬ ಬೇಕು. ಗಂಡಸರಿಗೂ ಇಂಥದ್ದೊಂದು ಕೊಡಿ. ಅರಳಿಕಟ್ಟೆಗೆ ಮುಳ್ಳು ಹಾಕಿ ಮುಚ್ಚಿದ ಮೇಲೆ ನಮ್ಮೂರ ಮುದುಕರಿಗೆ ಕೂರೋಕೆ ಜಾಗವೇ ಇರಲಿಲ್ಲ. ಒಬ್ಬ ತಾತನಿಗೆ ಬೀದಿ ನಾಯಿಗಳಿಗೆ ಊಟ ಹಾಕುವ ಜವಾಬ್ದಾರಿ ಕೊಟ್ಟೆವು. ಮಾಸ್ಕ್ ಹಾಕಿಕೊಂಡು ದಿನಾ ಸಂಜೆ ಐದಕ್ಕೆ ಅವರು ಹೊರಡೋದನ್ನು ನೋಡಿಯೇ ಉಳಿದವರು ಹೊತ್ತು ತಿಳಿಯುತ್ತಿದ್ದರು.

ಹೆಜ್ಜೆ 3: ಸುದ್ದಿಗೆ ಹೊತ್ತು ಗೊತ್ತು ಮಾಡಿ

ಟಿವಿ ಇಡೀ ದಿನ ಉರಿಯುತ್ತಿದ್ದರೆ ಮನೆಯಲ್ಲಿ ಯಾರಿಗೂ ಸಮಾಧಾನ ಇರೋದಿಲ್ಲ. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ರಾತ್ರಿ ಮಲಗುವ ಮುಂಚೆ ಬೇಡವೇ ಬೇಡ. ಬೀದಿಗೆ ಒಬ್ಬರು ಸುದ್ದಿಯವರಾಗಲಿ. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕೇಳಿ ತಿಳಿದುಕೊಂಡದ್ದನ್ನು ಅವರು ಸಂಜೆ ಒಂದೇ ಒಂದು ವಾಯ್ಸ್ ಮೆಸೇಜ್ ಆಗಿ ಹಾಕಲಿ. ಯಾರಾದರೂ ಫಾರ್ವರ್ಡ್ ಕಳಿಸಿದರೆ "ಇದು ಎಲ್ಲಿಂದ ಬಂತಣ್ಣ?" ಅಂತ ಕೇಳಿ. ಗುಂಪಿನಲ್ಲಿ ಬಯ್ಯಬೇಡಿ. ಹೆದರಿದವರೇ ಜಾಸ್ತಿ ಫಾರ್ವರ್ಡ್ ಮಾಡುತ್ತಾರೆ. ಅವಮಾನ ಆದರೆ ಗುಂಪು ಬಿಟ್ಟು ಹೋಗುತ್ತಾರೆ, ಭಯ ಮಾತ್ರ ಅವರ ಹತ್ತಿರವೇ ಉಳಿಯುತ್ತದೆ.

ಒಂದು ಬಗೆಯ ಸುದ್ದಿಯನ್ನು ಮಾತ್ರ ಅಲ್ಲೇ ತಡೆಯಿರಿ. ರೋಗ ಇಂಥವರಿಂದಲೇ ಹರಡಿತು ಅನ್ನುವ ಸುದ್ದಿ. 2020ರ ಏಪ್ರಿಲ್‌ನಲ್ಲಿ ದೆಹಲಿಯ ಒಂದು ಮುಸ್ಲಿಂ ಧಾರ್ಮಿಕ ಸಭೆಯಲ್ಲಿ ಸೋಂಕು ಕಂಡ ಸುದ್ದಿ ಬಂದ ಮೇಲೆ ಮುಸ್ಲಿಂ ತರಕಾರಿ, ಹಣ್ಣಿನ ವ್ಯಾಪಾರಿಗಳನ್ನು ಎಷ್ಟೋ ಕಡೆ ಬೀದಿಯೊಳಗೆ ಬಿಡಲಿಲ್ಲ. ವರ್ಷಗಟ್ಟಲೆ ಅವರ ಗಾಡಿಯಿಂದಲೇ ಸೊಪ್ಪು ತಗೊಂಡವರೇ ಬಿಡಲಿಲ್ಲ. ಭಯಕ್ಕೆ ಒಬ್ಬ ತಪ್ಪಿತಸ್ಥ ಸಿಕ್ಕಿಬಿಟ್ಟರೆ ಒಂದು ಗಳಿಗೆ ಹಗುರ ಅನಿಸುತ್ತದೆ. ಆದರೆ ವೈರಸ್ ಜಾತಿ ಕೇಳಿ ಬರೋದಿಲ್ಲ. ಮೇಲಾಗಿ, ಹಾಗೆ ದೂರ ಇಟ್ಟವರು ಜ್ವರ ಬಂದರೂ ಹೇಳೋದಿಲ್ಲ.

ಹೆಜ್ಜೆ 4: ಪಾಸಿಟಿವ್ ಬಂದ ಮನೆಯನ್ನು ಮೊದಲ ಗಂಟೆಯಲ್ಲೇ ಕೂಗಿ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ರೋಗಕ್ಕಿಂತ ಜಾಸ್ತಿ ಜನ ಇಲ್ಲೇ ನೊಂದರು.

2020ರಲ್ಲಿ ಸರ್ಕಾರದ ದಿನದ ಬುಲೆಟಿನ್‌ನಲ್ಲಿ ಹೆಸರು ಇರುತ್ತಿರಲಿಲ್ಲ. ಪಿ ಅಕ್ಷರದ ಮುಂದೆ ಒಂದು ನಂಬರ್, ವಯಸ್ಸು, ಗಂಡೋ ಹೆಣ್ಣೋ, ಊರು. ಬೆಂಗಳೂರಿನಂಥ ಕಡೆ ಅದರಿಂದ ಏನೂ ಗೊತ್ತಾಗುತ್ತಿರಲಿಲ್ಲ. ಹಳ್ಳಿಯಲ್ಲಿ ಐದು ನಿಮಿಷದಲ್ಲಿ ಯಾರ ಮನೆ ಅಂತ ಗೊತ್ತಾಗುತ್ತಿತ್ತು. ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯೇ ಹೊರಗೆ ಬಂತು. ಕೈಗೆ ಸೀಲು, ಬಾಗಿಲಿಗೆ ಪೋಸ್ಟರ್. ಜುಲೈನಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಫ್ಲ್ಯಾಟ್‌ಗಳ ಬಾಗಿಲಿಗೆ ಪಾಲಿಕೆಯವರು ತಗಡು ಹೊಡೆದು ಮುಚ್ಚಿದ್ದರು. ಆಮೇಲೆ ಕ್ಷಮೆ ಕೇಳಿ ತೆಗೆದರು. ಬಾಗಿಲಿಗೆ ತಗಡು ಬಡಿಯುವ ಸದ್ದು ಒಳಗೆ ಕೂತ ಮಕ್ಕಳಿಗೆ ಹೇಗೆ ಕೇಳಿಸಿರಬೇಕು, ಯೋಚನೆ ಮಾಡಿ.

ನಮ್ಮ ಜಿಲ್ಲೆಯಲ್ಲಿ ಅದೇ 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಬಂದವರಲ್ಲಿ ಕೇಸುಗಳು ಜಾಸ್ತಿ ಸಿಕ್ಕವು. ಕೆ.ಆರ್. ಪೇಟೆ ಕಡೆಯ ಎಷ್ಟೋ ಕುಟುಂಬಗಳು ಅಲ್ಲಿ ಕೆಲಸ ಮಾಡಿಕೊಂಡಿದ್ದವು. ಪ್ರತಿ ಹಬ್ಬಕ್ಕೂ ಬಟ್ಟೆ ಬರೆ, ಸಿಹಿ ತಂದು ಊರಿಗೆಲ್ಲ ಹಂಚಿದವರು ಅವರೇ. ಆ ಬೇಸಿಗೆಯಲ್ಲಿ "ಮುಂಬೈಯವರು" ಅನ್ನೋದೇ ಬೈಗುಳ ಆಯಿತು. ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮುಗಿಸಿ ಮನೆಗೆ ಬಂದರೂ ಬೋರ್‌ವೆಲ್ ಹತ್ತಿರ ಜನ ಸರಿದು ನಿಲ್ಲುತ್ತಿದ್ದರು. ನನ್ನ ಕ್ಲಾಸಿನ ಒಬ್ಬ ಹುಡುಗ ಅಂಥ ಮನೆಯವನು. ಶಾಲೆ ತೆರೆದ ಮೇಲೂ ಬಹಳ ದಿನ ಕೊನೆಯ ಬೆಂಚಿನ ತುದಿಯಲ್ಲಿ ಒಬ್ಬನೇ ಕೂರುತ್ತಿದ್ದ. ಯಾರೂ ಹಾಗೆ ಕೂರಿಸಿರಲಿಲ್ಲ. ತಾನೇ ಕೂತಿದ್ದ.

ಹಾಗಾಗಿ ಮಾಡಬೇಕಾದ್ದು ಇಷ್ಟು. ಪಾಸಿಟಿವ್ ಅಂತ ಗೊತ್ತಾದ ಮೊದಲ ಗಂಟೆಯಲ್ಲೇ ಆ ಮನೆಗೆ ಫೋನ್ ಹೋಗಬೇಕು. ಮೊದಲ ಮಾತು "ಎಲ್ಲಿಂದ ಹತ್ತಿಸಿಕೊಂಡ್ರಿ?" ಆಗಬಾರದು. "ರಾತ್ರಿ ಊಟಕ್ಕೆ ಏನು ಕಳಿಸಲಿ?" ಆಗಬೇಕು. ಊಟವನ್ನು ಗೇಟಿನ ಮೇಲಿಟ್ಟು ಆರಡಿ ದೂರ ನಿಂತು, ಅವರು ಬಂದು ತಗೊಳ್ಳುವವರೆಗೂ ಕಾಯಿರಿ. ಇಟ್ಟು ಓಡಿ ಬರಬೇಡಿ. ಒಂದು ನಿಮಿಷ ನಿಂತು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದರೆ ಆ ಅನ್ನಕ್ಕೆ ರುಚಿ ಇರುತ್ತದೆ. ಹಾಲು, ತರಕಾರಿ, ಹಸುವಿಗೆ ಹುಲ್ಲು ಯಾರು ನೋಡಿಕೊಳ್ಳುತ್ತಾರೆ ಅನ್ನೋದನ್ನು ಅವತ್ತೇ ಹೇಳಿಬಿಡಿ. ಹಸು ಕಟ್ಟಿಕೊಂಡ ಎಷ್ಟೋ ಜನ ಟೆಸ್ಟ್ ಮಾಡಿಸದೆ ಉಳಿದದ್ದಕ್ಕೆ ಹಾಲು ಕರೆಯುವವರು ಯಾರು ಅನ್ನೋದೂ ಒಂದು ಕಾರಣ.

ವಾಸಿಯಾದ ಮೇಲೆ ಆ ಮನೆಗೆ ಮೊದಲು ಹೋಗಿ ಕಾಫಿ ಕುಡಿಯುವವರು ಬೀದಿಯ ದೊಡ್ಡವರಾಗಿರಲಿ, ಎಲ್ಲರೂ ನೋಡುವ ಹಾಗೆ ಜಗಲಿ ಮೇಲೆ ಕೂತು. ಅದನ್ನು ನೋಡಿದ ಮೇಲೆ ಉಳಿದವರೂ ಹೋಗುತ್ತಾರೆ. ಮೈಕಿನಲ್ಲಿ ಎಷ್ಟು ಸಾರಿ ಹೇಳಿದರೂ ಇದರಷ್ಟು ನಾಟೋದಿಲ್ಲ.

ಹೆಜ್ಜೆ 5: ಕೇಳಿಸಿಕೊಳ್ಳೋದನ್ನು ಕಲಿಯಿರಿ

ವಿಪತ್ತಿನಲ್ಲಿ ಮನಸ್ಸಿಗೆ ಕೊಡುವ ಪ್ರಥಮ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ಮಾಡಿದೆ. ಅದರ ಸಾರ ಮೂರೇ ಮಾತು: ನೋಡಿ, ಕೇಳಿ, ಜೋಡಿಸಿ. ಯಾರಿಗೆ ಕಷ್ಟ ಆಗಿದೆ ನೋಡಿ. ಅವರು ಹೇಳೋದನ್ನು ಕೇಳಿ. ಬೇಕಾದ ಸಹಾಯಕ್ಕೆ ಜೋಡಿಸಿ. ಇದನ್ನು ಮಾಡಲು ಡಾಕ್ಟರ್ ಆಗಬೇಕಿಲ್ಲ.

ಮೂರರಲ್ಲಿ ಕಷ್ಟದ್ದು ಕೇಳೋದು. ನಮಗೆಲ್ಲ ಹೇಳಿ ಅಭ್ಯಾಸ. "ಏನೂ ಆಗಲ್ಲ ಬಿಡಿ" ಅಂತೀವಿ. "ನಿಮಗಿಂತ ಕಷ್ಟ ಪಟ್ಟವರಿದ್ದಾರೆ" ಅಂತೀವಿ. "ಧೈರ್ಯವಾಗಿರಿ" ಅಂತೀವಿ. ಒಳ್ಳೆಯ ಮನಸ್ಸಿಂದಲೇ ಹೇಳುತ್ತೇವೆ, ಆದರೆ ಕೇಳುವವರಿಗೆ ಬಾಯಿ ಮುಚ್ಚಿಸಿದ ಹಾಗಾಗುತ್ತದೆ. ಅದರ ಬದಲು "ರಾತ್ರಿ ನಿದ್ದೆ ಬಂತಾ?" ಅಂತ ಕೇಳಿ. "ಏನು ನೆನೆಸಿಕೊಂಡ್ರೆ ಜಾಸ್ತಿ ಭಯ ಆಗುತ್ತೆ?" ಅಂತ ಕೇಳಿ. ಆಮೇಲೆ ಸುಮ್ನಿರಿ. ಆ ಕಡೆಯಿಂದ ಹತ್ತು ಸೆಕೆಂಡ್ ಸದ್ದಿಲ್ಲದಿದ್ದರೂ ಫೋನ್ ಇಡಬೇಡಿ. ಮುಖ್ಯವಾದ ಮಾತು ಆ ಸುಮ್ಮನಿರುವ ಹೊತ್ತಿನ ನಂತರವೇ ಬರುತ್ತದೆ. ಒಂದು ಸಲ ನಾನು ಹೀಗೆ ಕಾದಾಗ ಒಬ್ಬ ಅಜ್ಜಿ ಹೇಳಿದ್ದು: "ನಾನು ಸಾಯೋದಕ್ಕೆ ಹೆದರಲ್ಲ ಟೀಚರಮ್ಮ. ಯಾರೂ ಮುಟ್ಟದ ಹಾಗೆ ಪ್ಲಾಸ್ಟಿಕ್‌ನಲ್ಲಿ ಸುತ್ತುತಾರಂತಲ್ಲ, ಅದಕ್ಕೆ ಹೆದರ್ತೀನಿ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಹೌದಜ್ಜಿ, ಅದು ಹೆದರಿಕೆ ಆಗೋ ಮಾತೇ" ಅಂದೆ ಅಷ್ಟೇ. ಅವತ್ತು ರಾತ್ರಿ ನಿದ್ದೆ ಬಂತು ಅಂತ ಮಾರನೇ ದಿನ ಹೇಳಿದರು.

ಭಯ ಜಾಸ್ತಿಯಾದಾಗ ಎದೆ ಬಡಿತ ಏರುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ, ಕೈಕಾಲು ಜುಮ್ಮೆನ್ನುತ್ತದೆ. ಕೊರೊನಾದಂಥ ರೋಗದಲ್ಲಿ ಇದು ರೋಗವೋ ಭಯವೋ ಅಂತ ಗೊತ್ತಾಗದೆ ಭಯ ಇನ್ನೂ ಏರುತ್ತದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಬೀದಿಗೆ ಒಂದಾದರೂ ಇರಲಿ. ಕೊರೊನಾದಲ್ಲಿ ನಮಗೆ ಹೇಳಿಕೊಟ್ಟ ಗಡಿ 94. ಅದಕ್ಕಿಂತ ಕೆಳಗೆ ಬಂದರೆ ಮಾತಾಡುತ್ತಾ ಕೂರಬೇಡಿ, ಆಸ್ಪತ್ರೆ. ನಂಬರ್ ಸರಿಯಾಗಿದ್ದರೆ ಒಟ್ಟಿಗೆ ಉಸಿರಾಡಿ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಫೋನಿನಲ್ಲಿ ನೀವೇ ಎಣಿಸಿ. ಬರೀ ಭಯ ಆಗಿದ್ದರೆ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಎದೆ ನೋವಿದ್ದರೆ, ಅನುಮಾನ ಇದ್ದರೆ ಡಾಕ್ಟರ್ ನೋಡಲೇಬೇಕು.

ಹೆಜ್ಜೆ 6: ಕುಡಿಯುವವರು, ಮಾತ್ರೆಯವರು

2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿ ಮೇ 4ರವರೆಗೆ ಮುಚ್ಚಿತ್ತು. "ಒಳ್ಳೆಯದೇ ಆಯಿತು, ಕುಡಿತ ಬಿಡ್ತಾರೆ" ಅಂತ ನಾವೂ ಅಂದುಕೊಂಡೆವು. ತಪ್ಪು. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೈ ನಡುಕ, ಬೆವರು, ನಿದ್ದೆ ಇಲ್ಲದಿರೋದು ಮೊದಲು ಕಾಣುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣಿಸೋದು, ಹಗಲು ರಾತ್ರಿ ಗೊತ್ತಾಗದೆ ಬಡಬಡಿಸೋದು ಶುರುವಾಗಬಹುದು. ಅದನ್ನು ಗಾಳಿ ಮೆಟ್ಟಿಕೊಂಡಿದೆ ಅಂದುಕೊಂಡು ತಾಯತ ಕಟ್ಟಿಸಿ ಕಾಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಇದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆ ಇದೆ.

ಮನಸ್ಸಿನ ಕಾಯಿಲೆಗೆ, ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುವವರದು ಇನ್ನೊಂದು ಲೆಕ್ಕ. ಬಸ್ಸಿಲ್ಲ, ಅಂಗಡಿ ಇಲ್ಲ ಅಂತ ಮಾತ್ರೆ ನಿಂತರೆ ಕಾಯಿಲೆ ತಿರುಗಿ ಬರುತ್ತದೆ. ಪುಸ್ತಕದಲ್ಲಿ ಅವರ ಪುಟದಲ್ಲಿ ಮಾತ್ರೆ ಯಾವತ್ತಿಗೆ ಮುಗಿಯುತ್ತದೆ ಅಂತ ಬರೆದಿಡಿ, ಒಂದು ವಾರ ಮುಂಚೆಯೇ ತರಿಸಿ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಏರ್ಪಾಡು ಕರ್ನಾಟಕದಲ್ಲಿದೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಮನೆಯೊಳಗೆ ಹೊಡೆತ ಬಡಿತ ಇರುವವರಿಗೆ ಲಾಕ್‌ಡೌನ್ ಅಂದರೆ ಹೊಡೆಯುವವನ ಜೊತೆ ಬೀಗ ಹಾಕಿಸಿಕೊಂಡ ಹಾಗೆ. ಹೆಂಗಸರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಈ ನಂಬರುಗಳನ್ನು ಗಂಡನ ಫೋನಿಗೆ ಮೆಸೇಜ್ ಮಾಡಬೇಡಿ. ರೇಷನ್ ಕೊಡುವಾಗ ಬಾಯಲ್ಲೇ ಹೇಳಿ.

ಹೆಜ್ಜೆ 7: ಮಕ್ಕಳಿಗೆ ನಿಜ ಹೇಳಿ

ಮಕ್ಕಳಿಗೆ ಎಲ್ಲ ಗೊತ್ತಾಗುತ್ತದೆ. ಅರ್ಧ ಗೊತ್ತಾದದ್ದನ್ನು ತಮ್ಮ ಮನಸ್ಸಿನಲ್ಲೇ ದೊಡ್ಡದು ಮಾಡಿಕೊಳ್ಳುತ್ತಾರೆ. ಅವರಿಗೆ ಅರ್ಥವಾಗುವಷ್ಟು, ಆದರೆ ನಿಜವನ್ನೇ ಹೇಳಿ. ಅಪ್ಪ ಆಸ್ಪತ್ರೆಯಲ್ಲಿದ್ದರೆ "ಕೆಲಸಕ್ಕೆ ಹೋಗಿದ್ದಾರೆ" ಅನ್ನಬೇಡಿ. ಚಿಕ್ಕ ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡುವುದು, ತಾಯಿಯನ್ನು ಬಿಟ್ಟಿರದಿರೋದು, ದೊಡ್ಡ ಮಕ್ಕಳು ರೇಗೋದು, ಇವೆಲ್ಲ ಭಯದ ಭಾಷೆ. ಬಯ್ಯಬೇಡಿ.

2020ರ ಆಗಸ್ಟ್‌ನಲ್ಲಿ, ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದ ಕಡೆಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಶುರುವಾದಾಗ ನಾವು ಗುಡಿ ಪೌಳಿಯಲ್ಲಿ, ಮರದ ಕೆಳಗೆ, ಮನೆ ಜಗಲಿಯಲ್ಲಿ ಪಾಠ ಮಾಡಿದೆವು. ಮೊದಲ ವಾರ ಪುಸ್ತಕ ತೆರೆಯಲಿಲ್ಲ. ಮನೆಯಲ್ಲಿ ಏನೇನಾಯಿತು ಅಂತ ಚಿತ್ರ ಬರೆಯಿಸಿದೆ. ಒಬ್ಬ ಹುಡುಗಿ ಇಡೀ ಹಾಳೆಯಲ್ಲಿ ಒಂದು ಮುಚ್ಚಿದ ಬಾಗಿಲು ಮಾತ್ರ ಬರೆದಳು, ಅದಕ್ಕೆ ಎರಡು ಚಿಲಕ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಆ ತರಗತಿಗಳು ನಿಂತವು. ಆಗಲೂ ವಾರಕ್ಕೊಂದು ಸಲ ಬೀದಿಯಲ್ಲಿ ನಿಂತು ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದೆ. ಅದಕ್ಕೋಸ್ಕರ ತಲೆ ಬಾಚಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು.

ಹೆಜ್ಜೆ 8: ಸಾವು ಬಂದರೆ

ಸಾವಿನ ಮನೆಯಲ್ಲಿ ಒಲೆ ಹಚ್ಚೋದಿಲ್ಲ, ನೆರೆಯವರು ಊಟ ತರುತ್ತಾರೆ. ಹೆಣದ ಸುತ್ತ ಕೂತು ಅಳುತ್ತಾರೆ. ಹೋದವರು ಏನು ಮಾತಾಡುತ್ತಿದ್ದರು, ಏನು ಇಷ್ಟಪಡುತ್ತಿದ್ದರು ಅಂತ ಹೇಳಿ ಹೇಳಿ ಅಳುತ್ತಾರೆ. ಮೂರನೇ ದಿನ ಹಾಲು ತುಪ್ಪ, ಆಮೇಲೆ ತಿಥಿ. ದುಃಖ ಹೊರಗೆ ಹರಿಯಲಿ ಅಂತ ಹಿರಿಯರು ಮಾಡಿಟ್ಟ ಕಾಲುವೆ ಇದು. ಕೊರೊನಾದಲ್ಲಿ ಅದೇ ಕಟ್ಟಿಹೋಯಿತು. ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. 2021ರ ಜೂನ್ 2ರಂದು, ಯಾರೂ ಬಂದು ತೆಗೆದುಕೊಂಡು ಹೋಗದ 500ಕ್ಕೂ ಹೆಚ್ಚು ಜನರ ಅಸ್ಥಿಯನ್ನು ಸರ್ಕಾರದ ವತಿಯಿಂದಲೇ ಮಳವಳ್ಳಿ ತಾಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟರು. ಅದನ್ನು ಟಿವಿಯಲ್ಲಿ ನೋಡಿ ನಮ್ಮ ಬೀದಿಯಲ್ಲಿ ಸಾವಾಗದ ಮನೆಯವರೂ ಅತ್ತರು.

ನಮ್ಮ ಬೀದಿಯಲ್ಲಿ ಮೂವರು ಹೋದರು. ಮೊದಲು ಹೇಳಿದೆನಲ್ಲ, ಆ ಅಕ್ಕನ ಎದುರು ಮನೆಯ ಯಜಮಾನರು ಅವರಲ್ಲಿ ಒಬ್ಬರು. ಆಗ ನಾವು ಮಾಡಿದ್ದನ್ನು ಹೇಳುತ್ತೇನೆ.

ಸುದ್ದಿಯನ್ನು ಗುಂಪಿನಲ್ಲಿ ಹಾಕಲಿಲ್ಲ. ಇಬ್ಬರು ಹೋಗಿ ಕಿಟಕಿಯ ಹೊರಗೆ ನಿಂತೆವು. ಏನೂ ಹೇಳಲಿಲ್ಲ, ಹೇಳೋಕೆ ಏನಿತ್ತು? ಆ ರಾತ್ರಿ ಬೆಳಗಾಗುವವರೆಗೆ ಸರದಿ ಮೇಲೆ ಒಬ್ಬರು ಆ ಮನೆಯ ಜಗಲಿಯಲ್ಲಿ ಕೂತಿದ್ದರು. ಒಳಗಿನಿಂದ ಅಳು ಕೇಳಿದಾಗಲೆಲ್ಲ "ಇಲ್ಲೇ ಇದ್ದೀನಿ ಕಣವ್ವ" ಅಂತ ಒಂದು ಮಾತು. ಸುಡುಗಾಡಿಗೆ ಹೋದ ಸ್ವಯಂಸೇವಕರಲ್ಲಿ ಒಬ್ಬ ಹುಡುಗನಿಗೆ ಮೊದಲೇ ಹೇಳಿ, ಅವರ ಹೆಂಡತಿ ಕೊಟ್ಟ ಪಂಚೆ ಮತ್ತು ಒಂದು ಹಿಡಿ ತುಳಸಿಯನ್ನು ಮೇಲಿಡಿಸಿದೆವು. ವಿಡಿಯೊ ಕಾಲ್‌ನಲ್ಲಿ ತೋರಿಸಬೇಕಾ ಬೇಡವಾ ಅಂತ ಮನೆಯವರನ್ನೇ ಕೇಳಿದೆವು. ಮಗ ನೋಡಿದ, ತಾಯಿ ಬೇಡ ಅಂದರು. ಎರಡೂ ಸರಿಯೇ. ಯಾರನ್ನೂ ಬಲವಂತ ಮಾಡಬೇಡಿ.

ಹನ್ನೊಂದು ದಿನವೂ ಊಟ ಬೇರೆ ಬೇರೆ ಮನೆಯಿಂದ ಹೋಯಿತು. ಅವರ ಬಗ್ಗೆ ನೆನಪಿದ್ದ ಒಂದೊಂದು ಸಂಗತಿಯನ್ನು ಉಳಿದ 33 ಮನೆಯವರೂ ಚೀಟಿಯಲ್ಲಿ ಬರೆದು, ಬರೆಯೋಕೆ ಬಾರದವರು ಹೇಳಿ ಬರೆಸಿ, ಊಟದ ಡಬ್ಬಿಯ ಜೊತೆ ಕಳಿಸಿದರು. ಜೊತೆಯಲ್ಲಿ ಕೂತು ಹೇಳಬೇಕಾಗಿದ್ದ ಮಾತುಗಳು ಅವು. ಆ ಚೀಟಿಗಳನ್ನು ಅವರ ಹೆಂಡತಿ ಇವತ್ತಿಗೂ ದೇವರ ಮನೆಯ ಡಬ್ಬಿಯಲ್ಲಿ ಇಟ್ಟಿದ್ದಾರೆ.

ಆಗ ಬಿಟ್ಟುಹೋದ ಶಾಸ್ತ್ರವನ್ನು ಆಮೇಲಾದರೂ ಮಾಡಿ. ತಡವಾಯಿತು ಅಂತ ಕೈಬಿಡಬೇಡಿ. ಆ ವರ್ಷ ಮಹಾಲಯ ಅಮಾವಾಸ್ಯೆಗೆ ಮೂರೂ ಮನೆಯವರು ಒಂದೇ ಅಂಗಳದಲ್ಲಿ ಎಡೆ ಇಟ್ಟರು. ಬೀದಿಗೆ ಬೀದಿಯೇ ಬಂದು ಉಂಡಿತು. ನಾಲ್ಕು ತಿಂಗಳು ತಡೆದಿದ್ದ ಅಳು ಅವತ್ತು ಹೊರಗೆ ಬಂತು.

ಹೆಜ್ಜೆ 9: ಇಷ್ಟಕ್ಕೆ ನಿಲ್ಲದು ಅನಿಸಿದಾಗ

ಎರಡು ವಾರ ಕಳೆದರೂ ಊಟ ನಿದ್ದೆ ಸರಿಯಾಗದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಸ್ನಾನವನ್ನೂ ಬಿಟ್ಟಿದ್ದರೆ, ಇಲ್ಲದ ಧ್ವನಿ ಕೇಳುತ್ತದೆ ಅಂದರೆ, ಅದು ಬೀದಿಯ ಕೈಲಿ ಆಗುವ ಕೆಲಸವಲ್ಲ. ಡಾಕ್ಟರ್ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಕೊಟ್ಟು ಸುಮ್ಮನಾಗಬೇಡಿ. ನೀವೇ ಡಯಲ್ ಮಾಡಿ ಕೊಡಿ, ಮಾತು ಶುರುವಾಗುವವರೆಗೆ ಪಕ್ಕದಲ್ಲಿರಿ.

"ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂದರೆ ತೇಲಿಸಬೇಡಿ. "ಸಾಯಬೇಕು ಅಂತ ಅನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನೋದು ತಪ್ಪು ನಂಬಿಕೆ. ಯಾರಾದರೂ ಕೇಳಿದರಲ್ಲ ಅಂತ ಮನಸ್ಸು ಹಗುರಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬೆಳೆಗೆ ಹೊಡೆಯುವ ಔಷಧಿ ಆ ಮನೆಯಲ್ಲಿ ಇಟ್ಟಿರಬಾರದು. ಬೇರೆ ಮನೆಗೆ ಸಾಗಿಸಿ ಬೀಗ ಹಾಕಿ. ಆ ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ.

ಹೆಜ್ಜೆ 10: ಕೂಗುವವರನ್ನೂ ಯಾರಾದರೂ ಕೂಗಲಿ

ಕರ್ನಾಟಕದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಮನೆ ಮನೆ ತಿರುಗಿ ಜ್ವರ ಕೇಳಿದವರು ಅವರೇ, ಬೈಸಿಕೊಂಡವರೂ ಅವರೇ. 2020ರ ಜುಲೈನಲ್ಲಿ, ರೋಗ ಏರುತ್ತಿರುವಾಗ, ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕೆ ಮತ್ತು ಮಾಸ್ಕ್, ಗ್ಲೌಸ್‌ಗೆ ಅವರು ಮುಷ್ಕರ ಮಾಡಬೇಕಾಯಿತು. ಚಪ್ಪಾಳೆ ತಟ್ಟಿದ ನಾವೆಲ್ಲ ಅವರ ಜೊತೆ ನಿಲ್ಲಬೇಕಿತ್ತು. ನಮ್ಮ ಬೀದಿಗೆ ಬರುವ ಆಶಾ ಅಕ್ಕ ಒಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು, ಮಾಸ್ಕ್ ತೆಗೆಯದೆ, ಒಂದು ಮಾತೂ ಆಡದೆ ಅತ್ತು ಎದ್ದು ಹೋದರು. ಅವತ್ತಿಂದ ಅವರಿಗೆ ದಿನಾ ಒಂದು ಲೋಟ ಮಜ್ಜಿಗೆ, ಕೂರಲು ಒಂದು ಕುರ್ಚಿ, ಬೈಯುವ ಮನೆಗೆ ಹೋಗುವಾಗ ಜೊತೆಗೆ ನಮ್ಮಲ್ಲಿ ಒಬ್ಬರು.

ಬೀದಿಯಲ್ಲಿ ಕೂಗುವವರಿಗೆ ವಾರದಲ್ಲಿ ಒಂದು ದಿನ ಪೂರ್ತಿ ರಜ ಇರಲಿ. ಅವತ್ತು ಅವರ ಮನೆಗಳನ್ನು ಇನ್ನೊಬ್ಬರು ನೋಡಿಕೊಳ್ಳಲಿ. ವಾರಕ್ಕೊಮ್ಮೆ ಕೂಗುವವರೆಲ್ಲ ಫೋನಿನಲ್ಲಿ ಸೇರಿ ಮನಸ್ಸಿಗೆ ಭಾರ ಆದದ್ದನ್ನು ಹೇಳಿಕೊಳ್ಳಲಿ.

ಹೆಜ್ಜೆ 11: ಪುಸ್ತಕ ಎತ್ತಿಡಿ

ಕೊರೊನಾದ ಜಾಗತಿಕ ತುರ್ತು ಮುಗಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ನಮ್ಮ ಪುಸ್ತಕವನ್ನು ನಾವು ಎಸೆಯಲಿಲ್ಲ. ಪ್ರತಿ ಯುಗಾದಿ ಸಂಜೆ, ಒಬ್ಬಟ್ಟು ತಿಂದ ಮೇಲೆ, ನಾಲ್ಕು ಜನ ನಮ್ಮ ಜಗಲಿಯಲ್ಲಿ ಕೂತು ತಿದ್ದುತ್ತೇವೆ. ಬದಲಾದ ಫೋನ್ ನಂಬರ್, ಹೊಸದಾಗಿ ಬಂದ ಸೊಸೆ, ಹುಟ್ಟಿದ ಮಗು, ಒಬ್ಬರೇ ಉಳಿದ ಅಜ್ಜ. ಮಾತ್ರೆಯ ಸಾಲು ಮಾತ್ರ ಪೆನ್ಸಿಲ್‌ನಲ್ಲಿ. ಎದುರು ಮನೆಯ ಪುಟದಲ್ಲಿ ಈಗ ಒಂದೇ ಹೆಸರಿದೆ. ಅದರ ಮುಂದೆ ಅಕ್ಕ ತಮ್ಮ ಕೈಯಾರೆ ಬರೆದಿದ್ದಾರೆ: "ಬೆಳಿಗ್ಗೆ ಎಂಟು."